ಪಾಲಿಟನಲ್ ಒಳಗೆ ‘ಇಸ್ಸಾಯ್’ ಕೀವಿ ಬಳ್ಳಿ: ಚೀಟಿ ಹೇಳುವುದೆಷ್ಟು, ಬಿಡುವುದೆಷ್ಟು

ಇಂಗ್ಲೆಂಡಿನ ಗಾರ್ಡನ್ ಸೆಂಟರುಗಳಲ್ಲಿ ಮಾರ್ಚ್ ಬಂತೆಂದರೆ ಹಣ್ಣಿನ ಗಿಡಗಳ ಸಾಲಲ್ಲಿ ಈ ಕುಂಡ ಇದ್ದೇ ಇರುತ್ತದೆ. ಬಿದಿರುಕಡ್ಡಿಗೆ ಕಟ್ಟಿದ ಒಂದೆರಡು ಗೇಣುದ್ದದ ಬಳ್ಳಿ, ಕೊರಳಿಗೊಂದು ಬಣ್ಣದ ಚೀಟಿ. ಚೀಟಿಯ ಮೇಲೆ ರೋಮವಿಲ್ಲದ, ದೊಡ್ಡ ದ್ರಾಕ್ಷಿಯಷ್ಟೇ ಗಾತ್ರದ, ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಳ್ಳಬಹುದಾದ ಹಸಿರು ಹಣ್ಣಿನ ಚಿತ್ರ. ಅದರ ಕೆಳಗೆ ಮೂರು ಮಾತು: ಗಂಡು ಗಿಡ ಬೇಡ, ಮೈನಸ್ 25 ಡಿಗ್ರಿ ಚಳಿಗೂ ಜಗ್ಗದು, ಬೇಗ ಫಲ ಕೊಡುತ್ತದೆ. ಆಕ್ಟಿನಿಡಿಯಾ ಅರ್ಗ್ಯೂಟಾ ಎಂಬ ಸಣ್ಣ ಕೀವಿಯ ಗುಂಪಿನ ‘ಇಸ್ಸಾಯ್’ ತಳಿ ಇದು. 9 ಸೆಂಟಿಮೀಟರ್ ಕುಂಡದ ಸಸಿಗೆ ಸುಮಾರು 10 ಪೌಂಡ್, 3 ಲೀಟರ್ ಕುಂಡದ್ದಾದರೆ 20–25 ಪೌಂಡ್.

ಮೂರು ಮಾತೂ ಸುಳ್ಳಲ್ಲ, ಆದರೆ ಮೂರೂ ಅರ್ಧಕ್ಕೇ ನಿಂತಿವೆ. ಹಿತ್ತಲಿನ ಪಾಲಿಟನಲ್ (ಕಮಾನು ಪೈಪುಗಳಿಗೆ ಪಾಲಿಥೀನ್ ಹಾಳೆ ಹೊದಿಸಿದ ಉದ್ದನೆಯ ಸೂರು) ಒಳಗೆ ಇದನ್ನು ನೆಡುವವರಿಗೆ ಉಳಿದರ್ಧವೇ ಮುಖ್ಯ. ಸಣ್ಣ ಟನಲ್‌ಗೆ ಅರ್ಗ್ಯೂಟಾ ತಳಿಗಳಲ್ಲಿ ಹೊಂದುವುದು ಇದೊಂದೇ, ಕೊಳ್ಳಿ. ಆದರೆ ಸೂರು ಇರುವುದು ಜನವರಿಯ ಚಳಿಗೆ ಎಂದುಕೊಂಡು ಕೊಳ್ಳಬೇಡಿ. ಆ ಸೂರಿನಿಂದ ಈ ಬಳ್ಳಿಗೆ ಉಪಕಾರ ಆಗುವುದು ಏಪ್ರಿಲ್ ಕೊನೆ, ಮೇ ಮೊದಲ ಭಾಗದ ಮೂರು ವಾರ, ಮತ್ತೆ ಅಕ್ಟೋಬರಿನಲ್ಲಿ ಹಣ್ಣು ಬಲಿಯುವಾಗ. ಮಿಕ್ಕ ದಿನಗಳಲ್ಲಿ ಸೂರಿನಿಂದ ಬರುವ ತೊಂದರೆಗಳನ್ನು ನಿಭಾಯಿಸುವುದೇ ಕೆಲಸ.

ಅಂಗಡಿಯಲ್ಲೇ ನೋಡಬೇಕಾದ್ದು ಎರಡಿದೆ. ಕುಂಡವನ್ನು ಮೆಲ್ಲಗೆ ಕಳಚಿ ಬೇರು ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಕೀವಿ ಬೇರು ತಿರುಳಿನಂತೆ ದಪ್ಪ. ಬಿಳಿಚಾಗಿದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಹಿಚುಕಿದರೆ ಕಿತ್ತುಬರುವಂತಿದ್ದರೆ ಬೇರುಕೊಳೆ ಆಗಲೇ ಹತ್ತಿದೆ. ತಳದಲ್ಲಿ ಬೇರು ಸಿಂಬಿ ಸುತ್ತಿದ್ದರೆ ವರ್ಷಗಟ್ಟಲೆ ಕುಂಡದಲ್ಲೇ ಕೂತ ಸಸಿ ಅದು, ಅರ್ಧ ಬೆಲೆಗೆ ಕೊಟ್ಟರೂ ಬೇಡ. ಇನ್ನೊಂದು, ಚೀಟಿಯ ಮೇಲೆ ತಳಿಯ ಹೆಸರು ಇರಲೇಬೇಕು. ಬರೀ ‘ಕೀವಿ’ ಎಂದಷ್ಟೇ ಬರೆದಿದ್ದರೆ ಅದು ರೋಮದ ದೊಡ್ಡ ಕೀವಿಯೂ ಆಗಬಹುದು, ಬೀಜದಿಂದ ಹುಟ್ಟಿದ ಸಸಿಯೂ ಆಗಬಹುದು. ಬೀಜದ ಸಸಿ ಗಂಡೋ ಹೆಣ್ಣೋ ಅಂತ ತಿಳಿಯಬೇಕಾದರೆ ಹೂ ಬಿಡುವ ತನಕ ಕಾಯಬೇಕು, ಅದು ಐದಾರು ವರ್ಷದ ಮಾತು.

‘ಗಂಡು ಬೇಡ’ ಅನ್ನುವುದು ಎಷ್ಟರಮಟ್ಟಿಗೆ ನಿಜ? ಅರ್ಗ್ಯೂಟಾದಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ‘ವೈಕಿ’, ‘ಅನನಾಸ್ನಯಾ’, ‘ಜಿನೀವಾ’ ನೆಟ್ಟವರು ಆರೆಂಟು ಹೆಣ್ಣಿಗೆ ಒಂದು ಗಂಡಾದರೂ ಇಡಬೇಕು. ಜಪಾನಿನಿಂದ ಬಂದ ಇಸ್ಸಾಯ್ ಒಂಟಿಯಾಗಿದ್ದರೂ ಕಾಯಿ ಕಚ್ಚುತ್ತದೆ. ಆದರೆ ಹಾಗೆ ಕಚ್ಚಿದ ಕಾಯಲ್ಲಿ ಬೀಜ ಇಲ್ಲ ಅನ್ನುವಷ್ಟು ಕಡಿಮೆ, ಹಣ್ಣು ಸಣ್ಣದು. ಹತ್ತಿರದಲ್ಲಿ ಅರ್ಗ್ಯೂಟಾ ಗಂಡು ಬಳ್ಳಿಯೊಂದಿದ್ದರೆ ಅದೇ ಗಿಡದ ಹಣ್ಣು ಎದ್ದುಕಾಣುವಷ್ಟು ಗಾತ್ರವಾಗುತ್ತದೆ. ಟನಲ್‌ನಲ್ಲಿ ಎರಡಕ್ಕೆ ಜಾಗ ಇರುವುದಿಲ್ಲ. ಗಂಡನ್ನು ಹೊರಗೆ ಬೇಲಿಗೆ ಹಬ್ಬಿಸಿ, ಒಳಗಿನದು ಅರಳಿರುವಾಗ ಅದರ ಹೂವೂ ಸಿಕ್ಕರೆ ಕಿತ್ತು ಒಳಗೆ ತಂದರೆ ಆಯಿತು.

‘ಬೇಗ ಫಲ’ದ ಮಾತು ಮೂರರಲ್ಲಿ ಹೆಚ್ಚು ನಂಬಬಹುದಾದ್ದು. ಇಸ್ಸಾಯ್ ಎಂದರೆ ಜಪಾನಿ ಭಾಷೆಯಲ್ಲಿ ಒಂದು ವರ್ಷದ್ದು ಎಂದು. ಎಳೆಯ ವಯಸ್ಸಿಗೇ ಹೂ ಬಿಡುವ ಗಿಡಗಳಿಗೆ ಅಲ್ಲಿನವರು ಇಡುವ ಹೆಸರು. ಬೇರೆ ತಳಿಗಳು ನಾಲ್ಕೈದು ವರ್ಷ ಕಾಯಿಸಿದರೆ ಇದು ಎರಡು ಮೂರನೇ ವರ್ಷಕ್ಕೇ ಹತ್ತಿಪ್ಪತ್ತು ಕಾಯಿ ತೋರಿಸುತ್ತದೆ. ಹಾಗೆ ಬಂದ ಮೊದಲ ಕಾಯಿಗಳನ್ನು ಕಿತ್ತುಹಾಕುವುದು ವಾಸಿ, ಕಾಂಡ ಇನ್ನೂ ಪೆನ್ಸಿಲ್ ದಪ್ಪವೇ ಇರುತ್ತದೆ.

ಇನ್ನು ಚಳಿಯ ವಿಷಯ. ಸಸಿ ಕಳೆದುಕೊಂಡವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ಮೈನಸ್ 25 ತಡೆಯುವುದು ಎಲೆ ಉದುರಿಸಿ ಮಲಗಿದ ಬಳ್ಳಿ. ಎಚ್ಚರಾದ ಮೇಲೆ ಅದರಷ್ಟು ನಾಜೂಕಿನದು ಬೇರೆ ಇಲ್ಲ. ಆಗಷ್ಟೇ ಬಿಚ್ಚಿಕೊಂಡ ಕುಡಿ ಮೈನಸ್ 1, ಮೈನಸ್ 2ಕ್ಕೇ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬೀಳುತ್ತದೆ. ಆಮೇಲೆ ಪಕ್ಕದ ಮೊಗ್ಗಿನಿಂದ ಇನ್ನೊಂದು ಕುಡಿ ಬರುತ್ತದೆ, ಬಳ್ಳಿ ಸಾಯುವುದಿಲ್ಲ, ಆದರೆ ಆ ಎರಡನೇ ಕುಡಿಯಲ್ಲಿ ಹೂ ತೀರಾ ಕಡಿಮೆ. ಅಲ್ಲಿಗೆ ಆ ವರ್ಷದ ಬೆಳೆ ಹೋಯಿತು.

ಟನಲ್ ಒಳಗಿದ್ದರೆ ಈ ಭಯ ಇಲ್ಲವಲ್ಲ ಅನ್ನಿಸುತ್ತದೆ. ನಡೆಯುವುದು ಬೇರೆ. ಫೆಬ್ರವರಿಯ ಬಿಸಿಲಿಗೆ ಬಾಗಿಲು ಮುಚ್ಚಿದ ಟನಲ್ ಹಗಲು 20 ಡಿಗ್ರಿ ದಾಟುತ್ತದೆ, ಬಳ್ಳಿ ಚೈತ್ರ ಬಂತೆಂದು ನಂಬಿಬಿಡುತ್ತದೆ. ಹೊರಗಿನ ಬಳ್ಳಿಗಿಂತ ಎರಡು ಮೂರು ವಾರ ಮೊದಲೇ ಚಿಗುರುತ್ತದೆ. ರಾತ್ರಿ ಮಾತ್ರ ಆ ಒಂದು ಪದರ ಪಾಲಿಥೀನ್ ಹಿಡಿದಿಡುವ ಬಿಸಿ ಹೆಚ್ಚೆಂದರೆ ಒಂದೆರಡು ಡಿಗ್ರಿ. ಮೋಡವಿಲ್ಲದ, ಗಾಳಿ ಅಲುಗದ ರಾತ್ರಿಯಲ್ಲಿ ಅದೂ ಇಲ್ಲ. ಹೀಗೆ ಸೂರೇ ಬಳ್ಳಿಯನ್ನು ಬೇಗ ಎಬ್ಬಿಸಿ ಏಪ್ರಿಲ್ ಹಿಮದ ಬಾಯಿಗೆ ಕೊಡುತ್ತದೆ.

ಆದ್ದರಿಂದ ಟನಲ್‌ನ ಎರಡೂ ಬಾಗಿಲು ಡಿಸೆಂಬರಿನಿಂದ ಮಾರ್ಚ್ ಕೊನೆವರೆಗೆ ಹಗಲಿಡೀ ತೆರೆದಿರಲಿ, ಬಳ್ಳಿ ಮಲಗಿದಷ್ಟು ಹೊತ್ತು ಮಲಗಲಿ. ಚಿಗುರು ಅರ್ಧ ಇಂಚು ಕಂಡ ದಿನದಿಂದ ನಿಯಮ ತಿರುಗುಮುರುಗು. ಸಂಜೆ ನಾಲ್ಕಕ್ಕೆ, ಒಳಗಿನ ನೆಲ ಇನ್ನೂ ಬೆಚ್ಚಗಿರುವಾಗಲೇ ಬಾಗಿಲು ಮುಚ್ಚಬೇಕು. ಮುನ್ಸೂಚನೆ 3 ಡಿಗ್ರಿಗಿಂತ ಕಡಿಮೆ ಹೇಳಿದರೆ ಬಳ್ಳಿಯ ಮೇಲೆ ಗಿಡಕ್ಕೆ ಹೊದಿಸುವ ತೆಳು ಫ್ಲೀಸ್ ಬಟ್ಟೆ ಎರಡು ಮಡಿಕೆ ಹೊದಿಸಿ, ನೆಲದವರೆಗೆ ಇಳಿಬಿಟ್ಟು, ಅಂಚಿಗೆ ಇಟ್ಟಿಗೆ ಹೇರಬೇಕು. ಬಿಸಿ ಬರುವುದು ನೆಲದಿಂದ. ತಲೆಗೆ ಮಾತ್ರ ಮುಸುಕು ಹಾಕಿದರೆ ಅದು ಬದಿಯಿಂದ ಸೋರಿಹೋಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲೇ ತೆಗೆಯಿರಿ. 10 ಪೌಂಡಿನ ಒಂದು ಮಿನ್-ಮ್ಯಾಕ್ಸ್ ಥರ್ಮಾಮೀಟರನ್ನು ಕುಡಿಯ ಎತ್ತರಕ್ಕೆ ನೇತುಹಾಕಿದರೆ ನಿಮ್ಮ ಟನಲ್ ರಾತ್ರಿ ನಿಜಕ್ಕೂ ಎಷ್ಟು ಕಾಯುತ್ತದೆ ಎಂದು ವಾರದಲ್ಲಿ ಗೊತ್ತಾಗುತ್ತದೆ. ಎರಡನೇ ಬಳ್ಳಿಗೆ ದುಡ್ಡು ಸುರಿಯುವ ಮುನ್ನ ಇದನ್ನು ತನ್ನಿ.

ಚಳಿಗಾಲದ ಇನ್ನೊಂದು ಪೆಟ್ಟು ಕಾಂಡಕ್ಕೆ. ಹಗಲು ಬಿಸಿಲು, ರಾತ್ರಿ ಮೈನಸ್ 5. ಎಳೆ ಕಾಂಡದ ಬುಡದ ತೊಗಟೆ ಉದ್ದಕ್ಕೆ ಸೀಳುತ್ತದೆ. ಮೊದಲ ಮೂರು ಚಳಿಗಾಲ ಬುಡದಿಂದ ಎರಡಡಿ ಎತ್ತರಕ್ಕೆ ನೀರಿನ ಪೈಪಿಗೆ ಸುತ್ತುವ ಫೋಮ್ ಕೊಳವೆ ತೊಡಿಸಿದರೆ ಸಾಕು. ಮಾರ್ಚಿನಲ್ಲಿ ಬಿಚ್ಚಿ, ಇಲ್ಲದಿದ್ದರೆ ಒಳಗೆ ತೇವ ಕೂತು ಬೇರೆ ರೋಗ.

ಟನಲ್ ಬಗ್ಗೆ ಹೇಳುವುದಾದರೆ, 3 ಮೀಟರ್ ಅಗಲ, 6 ಮೀಟರ್ ಉದ್ದ, ನಡುವಿನಲ್ಲಿ 2.1 ಮೀಟರ್ ಎತ್ತರದ್ದು ಮನೆಬಳಕೆಗೆ ಸಾಮಾನ್ಯ. ಹೊದಿಕೆ 720 ಗೇಜ್ ಪಾಲಿಥೀನ್ ಆಗಿರಲಿ. ಅಗ್ಗದ ಹಸಿರು ಜಾಳಿಗೆ ಹೊದಿಕೆಯ ಟನಲ್‌ಗಳು ಒಂದೆರಡು ಚಳಿಗಾಲಕ್ಕೇ ಹರಿಯುತ್ತವೆ. ಮೂವತ್ತು ವರ್ಷ ಬದುಕಬಲ್ಲ ಬಳ್ಳಿಗೆ ಅದು ಮನೆಯಲ್ಲ. ಬಳ್ಳಿಯನ್ನು ಟನಲ್‌ನ ಕಮಾನಿಗೇ ಹಬ್ಬಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದು ಬೇಡ. ಕುಡಿಗಳು ಪೈಪಿಗೆ ಹುರಿ ಹೊಸೆದ ಹಾಗೆ ಸುತ್ತಿಕೊಳ್ಳುತ್ತವೆ, ಪಾಲಿಥೀನ್ ಬದಲಿಸುವ ದಿನ ಬಳ್ಳಿಯನ್ನೇ ಕಡಿಯಬೇಕಾಗುತ್ತದೆ. ಹಾಳೆಗೆ ತಾಗಿದ ಎಲೆ ಜೂನ್ ಬಿಸಿಲಿಗೆ ಸುಟ್ಟು ಕಂದಾಗುವುದಂತೂ ಖಚಿತ.

ಸ್ವಂತ ಕಂಬ ನಿಲ್ಲಿಸಿ. 75 ಮಿಲಿಮೀಟರ್ ಚೌಕದ, 2.1 ಮೀಟರ್ ಉದ್ದದ ಮರದ ಕಂಬ ಎರಡು, 60 ಸೆಂಟಿಮೀಟರ್ ನೆಲದೊಳಗೆ, ನಡುವೆ 3 ಮೀಟರ್ ಅಂತರ. 2.5 ಮಿಲಿಮೀಟರ್ ತಂತಿ ಮೂರು ಸಾಲು: 60, 105, 150 ಸೆಂಟಿಮೀಟರ್ ಎತ್ತರದಲ್ಲಿ. ಪ್ರತಿ ಸಾಲಿಗೂ ಬಿಗಿಮಾಡುವ ಟೈಟ್ನರ್ ಇರಲಿ, ಫಸಲಿನ ಭಾರಕ್ಕೆ ತಂತಿ ಜೋಲುತ್ತದೆ. ಟನಲ್ ಪೂರ್ವ-ಪಶ್ಚಿಮ ಇದ್ದರೆ ಉತ್ತರದ ಬದಿ, ಗೋಡೆಯಿಂದ 90 ಸೆಂಟಿಮೀಟರ್ ಒಳಗೆ. ಟೊಮೆಟೊ ಮೇಲೆ ನೆರಳು ಬೀಳದು, ಮೇಲಿನ ತಂತಿಗೂ ಹಾಳೆಗೂ ಒಂದಡಿ ಮೀರಿದ ಅಂತರ ಉಳಿಯುತ್ತದೆ. ‘ಅನನಾಸ್ನಯಾ’ದಂಥ ರಾಕ್ಷಸ ಬಳ್ಳಿಯನ್ನು ಈ ಅಳತೆಯಲ್ಲಿ ಹಿಡಿದಿಡಲಾಗದು. ಇಸ್ಸಾಯ್ ಸಾಧು. ಹೊರಗೆ ಬೆಳೆಯುವವರು ಅದನ್ನೇ ದೋಷ ಅನ್ನುತ್ತಾರೆ, ಟನಲ್‌ನವರಿಗೆ ಅದೇ ಗುಣ.

ನೆಡುವಾಗ ಗುಂಡಿ ತೋಡುವ ಬದಲು 20–25 ಸೆಂಟಿಮೀಟರ್ ಎತ್ತರದ, ಒಂದು ಮೀಟರ್ ಅಗಲದ ಏರಿ ಮಾಡಿ ಅದರ ನೆತ್ತಿಯಲ್ಲಿ ನೆಡಿ. ಕುಂಡದಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ಅಲ್ಲಿಗೇ ಬರಬೇಕು, ಒಂದಂಗುಲ ಆಳವಾದರೂ ಬುಡ ಕೊಳೆಯುವ ದಾರಿ ತೆರೆದ ಹಾಗೆ. ಆ ಕೊಳೆ ತರುವ ಫೈಟಾಫ್ತೊರಾ ಅಂದರೆ ಅಡಿಕೆಗೆ ಕೊಳೆ ತರುವ, ಕಾಳುಮೆಣಸಿಗೆ ಸೊರಗು ತರುವ ಬಳಗವೇ; ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊದಲ ವರ್ಷ ರಾಸಾಯನಿಕ ಗೊಬ್ಬರ ಮುಟ್ಟಬೇಡಿ, ಎಳೆ ಬೇರು ಸುಡುತ್ತದೆ. 5 ಸೆಂಟಿಮೀಟರ್ ಕಾಂಪೋಸ್ಟ್ ಹೊದಿಕೆ, ಕಾಂಡದಿಂದ ಒಂದು ಗೇಣು ದೂರ. ಎರಡನೇ ವರ್ಷದಿಂದ ಮಾರ್ಚ್‌ನಿಂದ ಜೂನ್‌ವರೆಗೆ ಮಾತ್ರ ಗೊಬ್ಬರ. ಜುಲೈ ನಂತರ ಸಾರಜನಕ ಕೊಟ್ಟರೆ ಬರುವ ಕುಡಿ ಚಳಿಗೆ ಮೊದಲು ಬಲಿಯುವುದಿಲ್ಲ.

ನೀರಿನ ಲೆಕ್ಕ ಹೀಗಿದೆ. 3 ಮೀಟರ್ ತೋಳು ಚಾಚಿದ ಬಳ್ಳಿಯ ಎಲೆಹರವು ಸುಮಾರು 3–4 ಚದರ ಮೀಟರ್. ಬಿಸಿಲಿನ ದಿನ ಪ್ರತಿ ಚದರ ಮೀಟರಿಗೆ 3–4 ಲೀಟರ್ ಆವಿಯಾಗುತ್ತದೆ ಅಂದರೆ ದಿನಕ್ಕೆ 10ರಿಂದ 15 ಲೀಟರ್. ಸೂರಿನಡಿ ಮಳೆ ಒಂದು ಹನಿಯೂ ಬೀಳದು, ಅಷ್ಟೂ ನೀವೇ ಕೊಡಬೇಕು. ನಲ್ಲಿ ತಿರುಗಿಸಿದರೆ ಇನ್ನೊಂದು ಗೋಳು: ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ನಲ್ಲಿ ನೀರು ಸುಣ್ಣದ ಗಡಸು ನೀರು. ಈ ಬಳ್ಳಿಗೆ ಬೇಕಾದ ಮಣ್ಣಿನ ಪಿಎಚ್ 5.5–6.5. ಎರಡು ಬೇಸಿಗೆ ನಲ್ಲಿ ನೀರುಂಡ ಮಣ್ಣು 7 ದಾಟಿ, ಮೂರನೇ ವರ್ಷ ಎಳೆ ಎಲೆಗಳ ನರ ಹಸಿರಾಗೇ ಉಳಿದು ನಡುವಿನ ಭಾಗ ನಿಂಬೆಹಳದಿಯಾಗುತ್ತದೆ. ಗೊಬ್ಬರ ಸಾಲದೆಂದು ಸುರಿಯುತ್ತಾರೆ. ಸಾಲದ್ದು ಕಬ್ಬಿಣ, ಇದ್ದರೂ ಬೇರಿಗೆ ಸಿಗುತ್ತಿಲ್ಲ. ಬೇರು ಹೀರಿಕೊಳ್ಳುವ ರೂಪದ ಕಬ್ಬಿಣ, ಅಂದರೆ ಚೀಲೇಟೆಡ್ ಐರನ್, ತಾತ್ಕಾಲಿಕ ಪರಿಹಾರ. ಮನೆ ಛಾವಣಿಯ ಪೈಪಿಗೆ 200 ಲೀಟರಿನ ಡ್ರಮ್ ಎರಡು ಜೋಡಿಸಿ ಮಳೆನೀರು ಹಿಡಿಯುವುದೇ ಶಾಶ್ವತ ದಾರಿ.

ನುಸಿ. ಇಸ್ಸಾಯ್‌ನ ದೊಡ್ಡ ದೌರ್ಬಲ್ಯ ಇದೇ, ಚೀಟಿಯಲ್ಲಿ ಒಂದಕ್ಷರ ಇಲ್ಲ. ಜೂನ್ ಕೊನೆಗೆ ಎಲೆಯ ಮೇಲೆ ರವೆ ಉದುರಿಸಿದಂತೆ ಬಿಳಿಚುಕ್ಕೆ ಕಾಣುತ್ತದೆ. ಎಲೆ ಮಗುಚಿ ಭೂತಗನ್ನಡಿಯಲ್ಲಿ ನೋಡಿ: ನರದ ಇಕ್ಕೆಲದಲ್ಲಿ ತೆಳು ಬಲೆ, ಅದರಲ್ಲಿ ಬೆನ್ನಿಗೆ ಎರಡು ಕಪ್ಪು ಮಚ್ಚೆಯ, ಉಪ್ಪಿನ ಕಣದಷ್ಟು ಜೀವಿ. ಒಣ ಗಾಳಿ, 30 ಡಿಗ್ರಿ ಬಿಸಿ ಸಿಕ್ಕರೆ ಮೊಟ್ಟೆಯಿಂದ ಮೊಟ್ಟೆಯಿಡುವ ವಯಸ್ಸಿಗೆ ಎಂಟೇ ದಿನ. ಮಳೆ ಬೀಳದ, ಬಿಸಿಯಾದ ಟನಲ್ ಎಂದರೆ ಅದಕ್ಕೆ ಮಾವನ ಮನೆ. ಬಿಟ್ಟರೆ ಆಗಸ್ಟಿಗೆ ಎಲೆ ಉದುರಿ, ಕಾಯಿ ಸಿಹಿ ಕಟ್ಟದೆ ಉಳಿಯುತ್ತದೆ.

ಮೇ ತಿಂಗಳಿಂದಲೇ ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ನೀರು ಚಿಮ್ಮಿಸಿ, ಕಾಲುದಾರಿ ಒದ್ದೆ ಮಾಡಿ. ಹೂ ಅರಳಿರುವ ವಾರ ಮಾತ್ರ ಮೇಲೆ ನೀರು ಬೇಡ. ಮೊದಲ ಚುಕ್ಕೆ ಕಂಡ ಕೂಡಲೇ ಫೈಟೋಸೀಯುಲಸ್ ಎಂಬ ನುಸಿ ತಿನ್ನುವ ನುಸಿಯನ್ನು ತರಿಸಿ ಬಿಡಬಹುದು. ಅಂಚೆಯಲ್ಲಿ ಸಣ್ಣ ಡಬ್ಬಿಯಲ್ಲಿ ಬರುತ್ತದೆ. ಹಗಲು 20 ಡಿಗ್ರಿ, ತೇವಾಂಶ ಶೇ 60ರ ಮೇಲಿದ್ದರಷ್ಟೇ ಅದು ಕೆಲಸ ಮಾಡುವುದು. ಬಿಟ್ಟ ಮೇಲೆ ಸೋಪಿನ ನೀರು ಸಿಂಪಡಿಸಿದರೆ ಕಾವಲುಗಾರನನ್ನೂ ಕೊಂದ ಹಾಗೆ. ಎಲೆಯೆಲ್ಲ ಬಲೆ ಕಟ್ಟಿದ ಮೇಲೆ ತರಿಸಿದರೆ ದುಡ್ಡು ದಂಡ.

ಹೂ ಒಳಗೆ ಮೇ ಕೊನೆಗೆ, ಹೊರಗಾದರೆ ಜೂನ್‌ನಲ್ಲಿ. ಕೆನೆಬಣ್ಣದ್ದು, ಸಣ್ಣ ಕಂಪು, ಆದರೆ ಮಕರಂದ ಇಲ್ಲ. ಜೇನುಹುಳ ಹಾದುಹೋಗುತ್ತದೆ, ಪರಾಗಕ್ಕೆ ಬರುವ ಬಂಬಲ್‌ಬೀಯೇ ಗತಿ. ಬಾಗಿಲು ಮುಚ್ಚಿದ್ದರೆ ಅದೂ ಇಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ, ಹೂ ಒಣಗಿದ್ದಾಗ, ಮೆತ್ತನೆ ಬ್ರಷ್ಷನ್ನು ಹೂವಿಂದ ಹೂವಿಗೆ ಆಡಿಸಿ, ಮೂರು ದಿನ ಬಿಡದೆ. ಗಂಡು ಹೂ ಸಿಕ್ಕರೆ ಎಸಳು ಹಿಂದಕ್ಕೆ ಮಡಚಿ ನೇರ ಒರೆಸಿ. ಒಂದು ಗಂಡು ಹೂ ಐದು ಹೆಣ್ಣಿಗೆ ಸಾಕು.

ಸವರುವ ಕೆಲಸದಲ್ಲಿ ಹೊತ್ತು ತಪ್ಪಬಾರದು. ಡಿಸೆಂಬರ್–ಜನವರಿ ದಾಟಿ ಮಾರ್ಚಿನಲ್ಲಿ ಕತ್ತರಿ ಆಡಿಸಿದರೆ ಗಾಯದಿಂದ ರಸ ಬಗನಿ ಮರದ ಗೊನೆ ಕೊಯ್ದ ಹಾಗೆ ದಿನಗಟ್ಟಲೆ ತೊಟ್ಟಿಕ್ಕುತ್ತದೆ. ವಿಜಯಪುರದ ದ್ರಾಕ್ಷಿ ಚಾಟ್ನಿ (ಬಳ್ಳಿ ಸವರುವುದು) ನೋಡಿದವರು ಒಂದು ವ್ಯತ್ಯಾಸ ನೆನಪಿಡಬೇಕು. ಕೀವಿಯಲ್ಲಿ ಕಾಯಿ ತೂಗಿದ ಗಿಣ್ಣಿನಲ್ಲಿ ಮತ್ತೆ ಮೊಗ್ಗು ಇರುವುದಿಲ್ಲ. ಹಾಗಾಗಿ ಕೊನೆಯ ಕಾಯಿಯ ತೊಟ್ಟಿನಿಂದ ಮುಂದೆ ಎರಡು ಮೂರು ಮೊಗ್ಗು ಬಿಟ್ಟು ಕತ್ತರಿಸಬೇಕು. ಅಂದಕ್ಕೆಂದು ಗಿಡ್ಡ ಮಾಡಿದರೆ ಉಳಿಯುವುದು ಕುರುಡು ಕಡ್ಡಿ. ಮೂರು ವರ್ಷ ಫಲ ಕೊಟ್ಟ ಅಡ್ಡಕೊಂಬೆಯನ್ನು ಬುಡದಿಂದ ತೆಗೆದು ಪಕ್ಕದ ಹೊಸ ಕುಡಿಗೆ ಜಾಗ ಕೊಡಿ. ಬೇಸಿಗೆಯಲ್ಲಿ ಕಾಯಿ ಇರುವ ಕುಡಿಯನ್ನು ಕೊನೆಯ ಕಾಯಿಂದ ಐದಾರು ಎಲೆ ಮುಂದಕ್ಕೆ ಚಿವುಟಿ, ಬರಿ ಕುಡಿಯನ್ನೂ ಅಷ್ಟೇ ಎಲೆಗೆ. ಮೂರು ವಾರಕ್ಕೊಮ್ಮೆ ಇದು ತಪ್ಪದು.

ಬೆಕ್ಕಿನ ಕಾಟ ತಮಾಷೆಯಲ್ಲ. ಕಡಿದ ಕುಡಿ, ಕೆದಕಿದ ಬೇರಿನ ವಾಸನೆಗೆ ಬೀದಿಯ ಬೆಕ್ಕೆಲ್ಲ ಬಂದು ಮೈಯುಜ್ಜಿ, ಕಚ್ಚಿ, ಎಳೆ ಸಸಿಯನ್ನು ನೆಲಸಮ ಮಾಡುತ್ತವೆ. ಮೊದಲೆರಡು ವರ್ಷ ಎರಡಡಿ ಎತ್ತರದ ಕೋಳಿಬಲೆಯ ಕೊಳವೆ ಬೇಕೇ ಬೇಕು.

ಹಣ್ಣು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಹಸಿರು ಹಸಿರಾಗೇ ಇರುವುದರಿಂದ ಬಣ್ಣ ನೋಡಿ ಹೇಳಲಾಗದು. ಬೇರೆ ತಳಿಗಳಲ್ಲಿ ಒಂದನ್ನು ಕೊಯ್ದು ಬೀಜ ಕಪ್ಪಾಗಿದೆಯೇ ನೋಡುತ್ತಾರೆ. ಒಂಟಿ ಇಸ್ಸಾಯ್‌ನಲ್ಲಿ ಬೀಜವೇ ಇರದಿರಬಹುದು. ರಸದ ಸಕ್ಕರೆ ಅಳೆಯುವ ಒಂದು ಅಗ್ಗದ ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳಿ: ಸಕ್ಕರೆ ಶೇ 8 ದಾಟಿದ ಮೇಲೆ ಕಿತ್ತರೆ ಒಳಗೆ ಹಣ್ಣಾಗುತ್ತದೆ, ಶೇ 18 ಸಮೀಪಿಸಿದಾಗ ತಿನ್ನಲು ಹದ. ಅದಿಲ್ಲದವರು ನಾಲ್ಕೈದು ಹಣ್ಣು ಬಳ್ಳಿಯಲ್ಲೇ ಮೆತ್ತಗಾಗುವ ತನಕ ಕಾದು, ಮಿಕ್ಕದ್ದನ್ನು ಗಟ್ಟಿ ಇರುವಾಗಲೇ ಕಿತ್ತು ಫ್ರಿಜ್ಜಿನಲ್ಲಿಟ್ಟು, ಬೇಕಾದಷ್ಟೇ ಹೊರಗಿಡಬಹುದು. ರುಚಿಯಲ್ಲಿ ಅಂಗಡಿಯ ರೋಮದ ಕೀವಿ ಇದರ ಹತ್ತಿರ ಸುಳಿಯದು. ಇಳುವರಿ ಮಾತ್ರ ಕೆಲವೇ ಕಿಲೋ. ಹಾಲಿಗೋ ಮೊಸರಿಗೋ ಹಾಕಿದರೆ ಆಗಲೇ ತಿಂದು ಮುಗಿಸಿ. ಹಣ್ಣಿನ ಆಕ್ಟಿನಿಡಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು, ಇಟ್ಟಷ್ಟೂ ಕಹಿ ಮಾಡುತ್ತದೆ. ಕುದಿಸಿದರೆ ಆ ಕಿಣ್ವ ಸಾಯುತ್ತದೆ, ಗೊಜ್ಜಿಗೆ ತೊಂದರೆಯಿಲ್ಲ.

ಊರಿನವರು ಆನ್‌ಲೈನ್‌ನಲ್ಲಿ ಕಾಣುವ ಕೀವಿ ಸಸಿ ತರಿಸಲೇ ಎಂದು ಕೇಳಿದರೆ ಬೇಡವೆನ್ನಿ. ಭಾರತದಲ್ಲಿ ಕೀವಿಯನ್ನು ಮೊದಲು ನೆಟ್ಟಿದ್ದೇ 1960ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ. ಚಳಿ ಸಾಲದೆ ಅದು ಫಲ ಕೊಡಲಿಲ್ಲ. 1963ರಲ್ಲಿ ಶಿಮ್ಲಾದಲ್ಲಿ ನೆಟ್ಟದ್ದು 1969ಕ್ಕೆ ಹಣ್ಣು ಬಿಟ್ಟಿತು. 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗದಿದ್ದರೆ ಮೊಗ್ಗು ಸರಿಯಾಗಿ ಏಳುವುದಿಲ್ಲ. ಮಡಿಕೇರಿಯ ಚಳಿಯೂ ಸಾಲದು, ಪಾಲಿಹೌಸ್ ಕಟ್ಟಿದರೆ ಇನ್ನೂ ಹದಗೆಡುತ್ತದೆ.

ಬ್ರಿಟನ್ನಿನಲ್ಲಿದ್ದು, ಹಿಮ ತಾಗದ ದಕ್ಷಿಣಕ್ಕೆ ಮುಖಮಾಡಿದ ಗೋಡೆ ಇರುವವರು ಟನಲ್‌ಗೆ ಹೋಗದೆ ‘ವೈಕಿ’ ಹೆಣ್ಣು-ಗಂಡು ಜೋಡಿಯನ್ನು ಹೊರಗೇ ನೆಡುವುದು ಮೇಲು. ಟನಲ್ ಈಗಾಗಲೇ ಇದ್ದು, 3 ಮೀಟರ್ ಜಾಗ ಬಿಡಬಲ್ಲವರು, ಬೇಸಿಗೆಯಲ್ಲಿ ವಾರಗಟ್ಟಲೆ ಊರಿಗೆ ಹೋಗದವರು ಇಸ್ಸಾಯ್ ತರಬಹುದು. ಜುಲೈನಲ್ಲಿ ಬೆಂಗಳೂರಿನ ಟಿಕೆಟ್ ಬುಕ್ ಆಗಿದ್ದರೆ ಮೊದಲು ಹನಿ ನೀರಾವರಿಯ ಟೈಮರ್ ಕೊಳ್ಳಿ. ಅದು ಎಲೆಯಡಿಗೆ ನೀರು ಚಿಮ್ಮಿಸುವುದಿಲ್ಲ, ಆ ಕೆಲಸಕ್ಕೆ ಪಕ್ಕದ ಮನೆಯವರನ್ನು ಕೇಳಿಕೊಳ್ಳಬೇಕು.